ಬೆಳೆ ಆಯ್ಕೆಗೂ ಮೊದಲು ಕೇಳಿ: ರೇಟ್ ನಿಗದಿ ಮಾಡೋರು ಯಾರು?

"ಸರ್, ಯಾವ ಬೆಳೆ ಹಾಕಿದ್ರೆ ಒಳ್ಳೆ ರೇಟ್ ಸಿಗುತ್ತೆ?" ತೋಟಗಾರಿಕೆ ಓದಿದವನು ಅಂತ ಗೊತ್ತಾದ ಕೂಡಲೇ ಯುವ ರೈತರು ನನಗೆ ಕೇಳೋದು ಇದನ್ನೇ. ಜೊತೆಗೊಂದು ಯೂಟ್ಯೂಬ್ ಲಿಂಕ್ ಬಂದಿರುತ್ತೆ: ಡ್ರ್ಯಾಗನ್ ಫ್ರೂಟ್, ಬಟರ್ ಫ್ರೂಟ್, ಎಕರೆಗೆ ಇಷ್ಟು ಲಕ್ಷ! ಆಗ ನಾನು ತಿರುಗಿ ಕೇಳ್ತೀನಿ: ಆ ರೇಟ್ ನಿಗದಿ ಮಾಡೋರು ಯಾರು? ಅವರು ನಿಮ್ಮ ತೋಟದಿಂದ ಎಷ್ಟು ದೂರದಲ್ಲಿದ್ದಾರೆ?

ವೆನಿಲ್ಲಾ ಕಥೆಯನ್ನ ಮಲೆನಾಡಿನ ಯಾವ ಹಿರಿಯರನ್ನ ಕೇಳಿದ್ರೂ ಹೇಳ್ತಾರೆ. 2000ದಲ್ಲಿ ಮಡಗಾಸ್ಕರ್‌ಗೆ ಚಂಡಮಾರುತ ಹೊಡೆದು ಅಲ್ಲಿನ ವೆನಿಲ್ಲಾ ತೋಟಗಳು ಹಾಳಾದವು. ಜಗತ್ತಿನಾದ್ಯಂತ ಬೆಲೆ ಏರಿತು. 2003ರ ಹೊತ್ತಿಗೆ ನಮ್ಮಲ್ಲಿ ಹಸಿ ಬೀನ್ಸ್ ಕಿಲೋಗೆ 3,000 ರೂಪಾಯಿ ದಾಟಿತ್ತು. ಜನ ಬೆಳಿಗ್ಗೆ ಒಂದೊಂದು ಹೂವಿಗೂ ಕೈಯಲ್ಲೇ ಪರಾಗಸ್ಪರ್ಶ ಮಾಡಿದ್ರು, ಕಳ್ಳರ ಭಯಕ್ಕೆ ರಾತ್ರಿಯೆಲ್ಲಾ ತೋಟ ಕಾದರು. ಅಷ್ಟರಲ್ಲಿ ಮಡಗಾಸ್ಕರ್ ಚೇತರಿಸಿಕೊಂಡಿತು, ದುಬಾರಿಯಾಯ್ತು ಅಂತ ಕಂಪನಿಗಳು ಕೃತಕ ವೆನಿಲಿನ್ ಕಡೆ ಹೊರಳಿದವು. ಎರಡು-ಮೂರು ವರ್ಷದಲ್ಲೇ ನೂರು ರೂಪಾಯಿಗೂ ಕೇಳೋರಿಲ್ಲ! ನಮ್ಮೂರ ಅಡುಗೆಮನೆಯಲ್ಲಿ ಅದಕ್ಕೆ ಜಾಗ ಇರಲಿಲ್ಲ. ಬೆಲೆ ಬಿದ್ದಾಗ ಕೈ ಹಿಡಿಯುವಷ್ಟು ಬಲ ಇರುವ ನಮ್ಮದೇ ಸಂಸ್ಥೆಯೂ ಇರಲಿಲ್ಲ.

ಇದರ ಪಕ್ಕದಲ್ಲಿ ಕೋಕೋ ಇಟ್ಟು ನೋಡಿ. ಅದೂ ಹೊರಗಿಂದ ಬಂದ ಬೆಳೆ, ಅದರ ಬೆಲೆಯನ್ನೂ ಜಗತ್ತಿನ ಮಾರುಕಟ್ಟೆಯೇ ಆಡಿಸುತ್ತೆ. 1979-80ರ ಸುಮಾರಿಗೆ, ಕೊಳ್ಳುತ್ತಿದ್ದ ಕಂಪನಿ ಹಿಂದೆ ಸರಿದಾಗ, ದಕ್ಷಿಣ ಕನ್ನಡ ಮತ್ತು ಕಾಸರಗೋಡಿನ ಬೆಳೆಗಾರರು ಗಿಡ ಕಡಿಯಬೇಕಾದ ಸ್ಥಿತಿ ಬಂದಿತ್ತು. ಆದರೆ ಅಡಿಕೆ ಸಂಕಷ್ಟದ ಕಾಲದಲ್ಲಿ, 1973ರಲ್ಲಿ, ಬೆಳೆಗಾರರು ಕಟ್ಟಿಕೊಂಡ ಕ್ಯಾಂಪ್ಕೋ ಇತ್ತು. ಅದು ಕೋಕೋ ಖರೀದಿಗೆ ಇಳಿಯಿತು. 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ಹಾಕಿತು. ಆಮೇಲೂ ಕೋಕೋ ಬೆಲೆ ಏರಿದೆ, ಇಳಿದಿದೆ. ಆದರೆ ಕೊಳ್ಳೋರು ರಾತ್ರೋರಾತ್ರಿ ಮಾಯ ಆಗಲಿಲ್ಲ.

ಸ್ಥಳೀಯ ಆರ್ಥಿಕತೆ ಅಂದ್ರೆ ನನ್ನ ಮಟ್ಟಿಗೆ ಇದೇ. ಹೊರಗಿನ ಮಾರುಕಟ್ಟೆಗೆ ಬಾಗಿಲು ಹಾಕೋಕೆ ಆಗಲ್ಲ, ಹಾಕಲೂಬಾರದು. ನಮ್ಮೂರ ಅಡಿಕೆಯನ್ನೆಲ್ಲಾ ನಾವೇ ಜಗಿದು ಮುಗಿಸೋಕಾಗುತ್ತಾ? ಆದರೆ ಖರೀದಿ, ಸಂಸ್ಕರಣೆ, ಮಾರಾಟ, ಈ ಮೂರರಲ್ಲಿ ಒಂದಾದರೂ ಬೆಳೆಗಾರರ ಕೈಯಲ್ಲಿರಬೇಕು.

"ಅದಕ್ಕೇ ನಾನು ವಾಟ್ಸಾಪಲ್ಲಿ ನೇರವಾಗಿ ಮಾರ್ತೀನಿ" ಅನ್ನೋರು ಇದ್ದಾರೆ. ಒಳ್ಳೇದು, ನಾನೂ ಪೇಟೆಯ ಸುಮಾರು 40 ಮನೆಗಳಿಗೆ ವಾರಕ್ಕೊಮ್ಮೆ ಸಾವಯವ ತರಕಾರಿ ಕೊಡ್ತೀನಿ. ಆದರೆ ಒಬ್ಬನೇ ಮಾಡೋದಕ್ಕೆ ಮಿತಿ ಇದೆ. ಆಷಾಢದ ಮಳೆಗೆ ಹರಿವೆ ಕೊಳೆತರೆ ಆ ವಾರ ಬುಟ್ಟಿ ಖಾಲಿ. ಚಳಿಗಾಲದಲ್ಲಿ ಎಲ್ಲಾ ಒಟ್ಟಿಗೆ ಬಂದು ಉಳಿದುಹೋಗುತ್ತೆ. ಹತ್ತು ಜನ ಬೆಳೆ ಹಂಚಿಕೊಂಡು ಬೆಳೆದರೆ ಮಾತ್ರ ಗಿರಾಕಿಗೆ ವರ್ಷವಿಡೀ ತರಕಾರಿ, ರೈತನಿಗೆ ವರ್ಷವಿಡೀ ದುಡ್ಡು.

ಮಾರೋದರಷ್ಟೇ ಕೊಳ್ಳೋದೂ ಮುಖ್ಯ. ನಮ್ಮ ದೇಶಕ್ಕೆ ಬೇಕಾದ ಪೊಟ್ಯಾಶ್ ಗೊಬ್ಬರ ಬಹುತೇಕ ಪೂರ್ತಿ ಆಮದು. 2022ರಲ್ಲಿ ರಷ್ಯಾ-ಉಕ್ರೇನ್ ಯುದ್ಧ ಶುರುವಾದಾಗ ಜಗತ್ತಿನಲ್ಲಿ ಅದರ ಬೆಲೆ ಎಲ್ಲಿಗೆ ಹೋಯ್ತು, ನೋಡಿದ್ದೀರಿ. ಅದೇ ಪೊಟ್ಯಾಶ್ ಅಂಶ ಇರುವ ಅಡಿಕೆ ಸಿಪ್ಪೆಯನ್ನ ರಸ್ತೆ ಬದಿ ರಾಶಿ ಹಾಕಿ ಸುಡ್ತೀವಿ. ಅದನ್ನ ಸಗಣಿ ಜೊತೆ ಕೊಳೆಸಿ ಗೊಬ್ಬರ ಮಾಡಿದರೆ ಪೇಟೆಗೆ ಹೋಗುವ ಅಷ್ಟು ದುಡ್ಡು ಊರಲ್ಲೇ ಉಳಿಯುತ್ತೆ.

ಹಾಗಾದ್ರೆ ಶುರು ಮಾಡೋದು ಹೇಗೆ? ಹೊಸ ಬೆಳೆ ಹಾಕೋ ಮೊದಲು ಬೈಕಲ್ಲಿ ಹೋಗಿ ಬರೋ ದೂರದಲ್ಲಿ ಅದನ್ನ ಯಾರು ಕೊಳ್ತಾರೆ ಅಂತ ಬರೆದಿಡಿ. ಯಾರೂ ಇಲ್ಲದಿದ್ರೆ ಕಾಲು ಎಕರೆಗಿಂತ ಹೆಚ್ಚು ಬೇಡ. ಜೊತೆಗೆ ಹತ್ತು ಬೆಳೆಗಾರರನ್ನ ಹುಡುಕಿ. ಉತ್ಪಾದಕರ ಕಂಪನಿ ನೋಂದಾಯಿಸೋಕೆ ಕಾನೂನಿಗೂ ಕನಿಷ್ಠ ಹತ್ತು ಜನ ಸಾಕು. ಆದರೆ ಮೊದಲ ವರ್ಷ ನೋಂದಣಿಯ ತಲೆಬಿಸಿ ಬೇಡ. ಒಂದು ಗಾಡಿ, ಒಂದು ತೂಕದ ಯಂತ್ರ, ಒಂದು ಲೆಕ್ಕದ ಪುಸ್ತಕ ಇದ್ದರೆ ಆಯ್ತು. ಆ ಪುಸ್ತಕವನ್ನ ವಾರಕ್ಕೊಮ್ಮೆ ಎಲ್ಲರ ಎದುರು ಓದಿ. ಗುಂಪುಗಳು ಒಡೆಯೋದು ಹೆಚ್ಚಾಗಿ ಅಲ್ಲೇ.