ಅಳೆದು ತೂಗಿ ಮಾತಾಡುವ ವಿಜಯೇಂದ್ರ: ಮಲಪ್ರಭಾ ದಂಡೆ ಕಾರ್ಯಕರ್ತರಿಗೆ ಯಾಕ ಬೇಸರ?

ಬೈಲಹೊಂಗಲ: 2025ರ ಡಿಸೆಂಬರ್ 8ರಿಂದ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ ಇತ್ತು. ಆಡಳಿತ ಪಕ್ಷದಲ್ಲಿ ಮುಖ್ಯಮಂತ್ರಿ ಕುರ್ಚಿ ಜಗಳ ಬೀದಿಗೆ ಬಂದಿತ್ತು. ಇಂಥಾ ಹೊತ್ತಿನಾಗ ವಿರೋಧ ಪಕ್ಷ ಮೈಕೊಡವಿ ಏಳಬೇಕಿತ್ತು. ಆದರೆ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಚಹಾದಂಗಡಿ ಕಟ್ಟೆಗಳ ಮೇಲೆ ಬಿಜೆಪಿ ಅಭಿಮಾನಿಗಳೇ ಕೇಳೋ ಮಾತು ಒಂದೇ: ‘ನಮ್ಮ ಅಧ್ಯಕ್ಷರು ಗಟ್ಟಿ ಮಾತಾಡೋದು ಯಾವಾಗ?’

ಬಿ.ವೈ. ವಿಜಯೇಂದ್ರ ರಾಜ್ಯಾಧ್ಯಕ್ಷರಾಗಿದ್ದು 2023ರ ನವೆಂಬರ್ 10ರಂದು. ಎರಡು ವರ್ಷ ದಾಟಿತು. ಶುರುವಾತಿನಲ್ಲೇ ಪಕ್ಷ ತಡ ಮಾಡಿತ್ತು. 2023ರ ಮೇ 13ಕ್ಕೆ ಫಲಿತಾಂಶ ಬಂದರೂ ಆರ್. ಅಶೋಕ ವಿರೋಧ ಪಕ್ಷದ ನಾಯಕರಾಗಿದ್ದು ನವೆಂಬರ್ 17ಕ್ಕೆ. ಆರು ತಿಂಗಳು ಆ ಕುರ್ಚಿ ಖಾಲಿ. ಜುಲೈನ ಬಜೆಟ್ ಅಧಿವೇಶನ ವಿರೋಧ ಪಕ್ಷದ ನಾಯಕನಿಲ್ಲದೆಯೇ ಮುಗಿದಿತ್ತು.

ನಾಲ್ಕಕ್ಕೆ ನಾಲ್ಕೂ ಹೋದವು

ಈ ನಾಲ್ಕು ಕ್ಷೇತ್ರಗಳಿಗೆ ಬೇಸರ ಜಾಸ್ತಿ ಇರೋದಕ್ಕೆ ಕಾರಣ ಐತಿ. 2018ರಲ್ಲಿ ಕಿತ್ತೂರು, ಸವದತ್ತಿ, ರಾಮದುರ್ಗ ಮೂರೂ ಬಿಜೆಪಿ ಕೈಯಲ್ಲಿದ್ದವು. 2023ರಲ್ಲಿ ಬೈಲಹೊಂಗಲದಲ್ಲಿ ಮಹಾಂತೇಶ ಕೌಜಲಗಿ, ಕಿತ್ತೂರಿನಲ್ಲಿ ಬಾಬಾಸಾಹೇಬ ಪಾಟೀಲ, ಸವದತ್ತಿಯಲ್ಲಿ ವಿಶ್ವಾಸ ವೈದ್ಯ, ರಾಮದುರ್ಗದಲ್ಲಿ ಅಶೋಕ ಪಟ್ಟಣ ಗೆದ್ದು ನಾಲ್ಕೂ ಕಾಂಗ್ರೆಸ್ ಪಾಲಾದವು.

ಹಂಗಂತ ಪಕ್ಷದ ಬೇರು ಸತ್ತಿಲ್ಲ. 2024ರ ಲೋಕಸಭೆಯಲ್ಲಿ ಬೆಳಗಾವಿಯಿಂದ ಜಗದೀಶ ಶೆಟ್ಟರ್ ಗೆದ್ದರು. ಕಿತ್ತೂರು ಸೇರಿರುವ ಉತ್ತರ ಕನ್ನಡದಿಂದ ವಿಶ್ವೇಶ್ವರ ಹೆಗಡೆ ಕಾಗೇರಿ ಗೆದ್ದರು. ಮಂದಿ ಪಕ್ಷ ಬಿಟ್ಟಿಲ್ಲ, ದಾರಿ ತೋರಿಸೋ ನಾಯಕನ ಹಾದಿ ಕಾಯಾಕತ್ತಾರ.

ಪ್ರಶ್ನೆ ಕೇಳಿದ್ರ ತಮಗೇ ತಿರುಗ್ತದ

ಬಸನಗೌಡ ಪಾಟೀಲ ಯತ್ನಾಳ ಇದಕ್ಕೆ ‘ಅಡ್ಜಸ್ಟ್‌ಮೆಂಟ್ ರಾಜಕಾರಣ’ ಅಂತ ಹೆಸರಿಟ್ಟರು. ವಿಜಯೇಂದ್ರ ಅದನ್ನು ಒಪ್ಪಲಿಲ್ಲ. 2025ರ ಮಾರ್ಚ್ 26ಕ್ಕೆ ಯತ್ನಾಳರನ್ನು ಪಕ್ಷ ಆರು ವರ್ಷ ಉಚ್ಚಾಟಿಸಿತು. ಆದರೆ ಈ ಭಾಗದ ವಿಷಯಗಳನ್ನು ಒಂದೊಂದಾಗಿ ತೆಗೆದು ನೋಡಿದರೆ ಎಚ್ಚರಿಕೆಯ ಕಾರಣ ಬೇರೆಯೇ ಕಾಣ್ತದ.

ಮೊದಲು ಮಹದಾಯಿ. ನವಿಲುತೀರ್ಥ ಜಲಾಶಯ ನಂಬಿದ ಸವದತ್ತಿ, ರಾಮದುರ್ಗದ ರೈತರಿಗೆ ಕಳಸಾ-ಬಂಡೂರಿ ಜೀವದ ಪ್ರಶ್ನೆ. ನ್ಯಾಯಮಂಡಳಿ 2018ರ ಆಗಸ್ಟ್‌ನಲ್ಲಿ ತೀರ್ಪು ಕೊಟ್ಟಿತು. 2022ರ ಡಿಸೆಂಬರ್‌ನಲ್ಲಿ ಕೇಂದ್ರ ಜಲ ಆಯೋಗ ಡಿಪಿಆರ್ ಒಪ್ಪಿತು. ಈಗ ಬಾಕಿ ಇರೋದು ಅರಣ್ಯ, ವನ್ಯಜೀವಿ ಅನುಮತಿ. ಅದು ಕೊಡಬೇಕಾದ್ದು ಕೇಂದ್ರ, ತಕರಾರು ತೆಗೆಯೋದು ಗೋವಾ. ಎರಡೂ ಕಡೆ ಬಿಜೆಪಿ ಸರ್ಕಾರ.

ಎರಡನೇದು ಕಬ್ಬು. ನವೆಂಬರ್‌ನಲ್ಲಿ ಗುರ್ಲಾಪುರ ಕ್ರಾಸ್‌ನಲ್ಲಿ ರೈತರು ಟನ್‌ಗೆ 3,500 ರೂಪಾಯಿ ಕೇಳಿ ಕೂತಾಗ ವಿಜಯೇಂದ್ರ ಬಂದು ರಾತ್ರಿ ಅಲ್ಲೇ ಉಳಿದರು. ಅದನ್ನು ಮಂದಿ ಮೆಚ್ಚಿದರು. ಕೊನೆಗೆ 3,300ಕ್ಕೆ ತೀರ್ಮಾನವಾಯಿತು. ಆದರೆ ಎಫ್‌ಆರ್‌ಪಿ ನಿಗದಿ ಮಾಡೋದು ಕೇಂದ್ರ. ಸಕ್ಕರೆಯ ಕನಿಷ್ಠ ಮಾರಾಟ ದರ 2019ರಿಂದ ಕಿಲೋಗೆ 31 ರೂಪಾಯಿಯಲ್ಲೇ ನಿಂತೈತಿ. ರಾಜ್ಯದ ಮೇಲೆ ಏರಿದ ದನಿ ದಿಲ್ಲಿ ಕಡೆ ಹೊಳ್ಳಿದಾಗ ಇಳೀತದ ಅನ್ನೋದು ರೈತರ ದೂರು.

ಮೂರನೇದು ಪಂಚಮಸಾಲಿ 2ಎ. 2024ರ ಡಿಸೆಂಬರ್ 10ರ ಲಾಠಿ ಪ್ರಹಾರವನ್ನು ಬಿಜೆಪಿ ಜೋರಾಗಿ ಖಂಡಿಸಿತು. ಆದರೆ 2ಎ ಕೊಡ್ತೀವಿ ಅಂತ ನೇರ ಮಾತಿಲ್ಲ. 2023ರಲ್ಲಿ ತಮ್ಮದೇ ಸರ್ಕಾರ 2ಡಿ ಮಾಡಿ ಕೈತೊಳೆದುಕೊಂಡಿತ್ತು.

ನಾಲ್ಕನೇದು ಜಿಲ್ಲಾ, ತಾಲೂಕು ಪಂಚಾಯ್ತಿ ಚುನಾವಣೆ. ಕೊನೆಗೆ ನಡೆದಿದ್ದು 2016ರಲ್ಲಿ. ಸದಸ್ಯರ ಅವಧಿ 2021ಕ್ಕೇ ಮುಗಿದೈತಿ. ಕ್ಷೇತ್ರ ವಿಂಗಡಣೆ ಅಧಿಕಾರವನ್ನು ಚುನಾವಣಾ ಆಯೋಗದಿಂದ ಕಿತ್ತು ಬೇರೆ ಆಯೋಗಕ್ಕೆ ಕೊಟ್ಟಿದ್ದು ಆಗಿನ ಬಿಜೆಪಿ ಸರ್ಕಾರ.

ಅಂದರೆ ಯಾವ ಕದ ಬಡಿದರೂ ಅದು ತಮ್ಮ ಮನೆ ಕದಾನೇ.

ಅಂಗಡಿಕಾರರ ಲೆಕ್ಕ

ಇದಕ್ಕೆ ತದ್ವಿರುದ್ಧ ಉದಾಹರಣೆಯೂ ಐತಿ. ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಬಂದಾಗ ಬಿಜೆಪಿ ಸುಮ್ಮನಿರಲಿಲ್ಲ. ನೋಟಿಸ್ ಕೊಟ್ಟಿದ್ದು ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ. ವ್ಯಾಪಾರಿಗಳೂ ಬಂದ್‌ಗೆ ಸಜ್ಜಾದರು, ಸರ್ಕಾರ ಮೆತ್ತಗಾಯಿತು. ದನಿ ಎತ್ತಿದರೆ ಕೆಲಸ ಆಗ್ತದ ಅಂತ ಗೊತ್ತಾಯಿತು.

ಗ್ಯಾರಂಟಿ ವಿಷಯಕ್ಕೆ ಮತ್ತೆ ಅದೇ ಗೊಂದಲ. ಖಜಾನೆ ಖಾಲಿ ಅಂತಾರ, ಬಂದ್ ಮಾಡ್ತೀವಿ ಅನ್ನಂಗಿಲ್ಲ. ಉಚಿತ ಬಸ್ಸಿನಲ್ಲಿ ಯಲ್ಲಮ್ಮನ ಗುಡ್ಡಕ್ಕೆ ಬರೋ ಹೆಣ್ಣುಮಕ್ಕಳು ಕಾಯಿ, ಕುಂಕುಮ, ಭಂಡಾರ ಕೊಳ್ಳೋದು ಅಲ್ಲಿನ ಅಂಗಡಿಗಳಲ್ಲೇ. ಅವರನ್ನು ಎದುರು ಹಾಕಿಕೊಳ್ಳೋ ಧೈರ್ಯ ಯಾರಿಗೂ ಇಲ್ಲ.

ಎಚ್ಚರಿಕೆ ತಪ್ಪೇ?

ವಿಜಯೇಂದ್ರ ಪರ ಇರೋರ ಮಾತಲ್ಲೂ ಹುರುಳಿದೆ. 2023ರಲ್ಲಿ 66 ಸ್ಥಾನ ಗೆದ್ದ ಪಕ್ಷ, ಒಳಗೆ ಬಣ ಜಗಳ, ಪಕ್ಕದಲ್ಲಿ ಜೆಡಿಎಸ್ ಮೈತ್ರಿ. 2024ರಲ್ಲಿ 28ರ ಪೈಕಿ ಬಿಜೆಪಿಗೆ 17, ಜೆಡಿಎಸ್‌ಗೆ 2 ಲೋಕಸಭೆ ಸ್ಥಾನ ಬಂದವು. ಮುಡಾ ಪಾದಯಾತ್ರೆಯನ್ನೂ ಮಾಡಿದರು. ಆದರೆ ಅದೇ ವರ್ಷ ನವೆಂಬರ್ ಉಪಚುನಾವಣೆಯಲ್ಲಿ ಶಿಗ್ಗಾವಿ, ಸಂಡೂರು, ಚನ್ನಪಟ್ಟಣ ಮೂರೂ ಕಾಂಗ್ರೆಸ್‌ಗೆ ಹೋದವು. ಮೋದಿ ಹೆಸರಿನ ಮೇಲೆ ಬಂದ ಮತ ವಿಧಾನಸಭೆಗೆ ತಾನಾಗೇ ಬರೋದಿಲ್ಲ.

ವಿರೋಧ ಪಕ್ಷ ಕೇಳದಿದ್ದರೆ ನಷ್ಟ ಆ ಪಕ್ಷಕ್ಕಷ್ಟೇ ಅಲ್ಲ. ಮಹದಾಯಿ ನೀರಿಗೆ ಸರ್ವಪಕ್ಷ ನಿಯೋಗ ದಿಲ್ಲಿಗೆ ಹೋಗಬೇಕಂದ್ರ ಬಿಜೆಪಿಯೇ ಮುಂದೆ ನಿಲ್ಲಬೇಕು. ಅಲ್ಲಿ ಬಾಗಿಲು ತೆರೆಸೋ ಶಕ್ತಿ ಇರೋದು ಅವರಿಗೇ. ಸುವರ್ಣಸೌಧದಲ್ಲಿ ವಿಜಯೇಂದ್ರ ಮತ್ತು ಅಶೋಕ ಎಷ್ಟು ಸಲ ಸಭಾತ್ಯಾಗ ಮಾಡಿದರು ಅಂತ ಇಲ್ಲಿನ ಮಂದಿ ಎಣಿಸೋದಿಲ್ಲ. ‘ಅನುಮತಿ ನಾವು ತರ್ತೀವಿ’ ಅಂತ ಎದ್ದು ನಿಂತು ಹೇಳಿದರಾ ಇಲ್ಲಾ ಅನ್ನೋದನ್ನ ಮಾತ್ರ ನೋಡ್ತಾರ.