ಲೆಕ್ಕಕ್ಕೆ ಸಿಗೋ ಮಾತು – 7: ಆ ಗುಲಾಬಿ ಗೆರೆಗೆ ಒಂದು ಹೆಸರಿಡಿ

ಬೈಕಿಗೆ ಅಂಟಿಸೋ ಹೆಸರಿನ ಸ್ಟಿಕ್ಕರ್, ಫೋಟೋ ಹಾಕಿಸಿದ ಮೊಬೈಲ್ ಕವರ್, ರಾಜ್ಯೋತ್ಸವಕ್ಕೆ ಹಳದಿ-ಕೆಂಪು ಲೇಬಲ್. ಇದನ್ನೆಲ್ಲ ನೀವು ಇದೇ ಆ್ಯಪಿನಲ್ಲಿ ನೋಡಿ ಆರ್ಡರ್ ಮಾಡಿರ್ತೀರಿ, ಇಲ್ಲಾ ನೀವೇ ಮಾರ್ತಾ ಇರ್ತೀರಿ. ಇವತ್ತಿನ ಮಾತು ಮಾರೋರಿಗೆ. ಕೊಳ್ಳೋರೂ ಓದಿ, ನಿಮ್ಮ ಸ್ಟಿಕ್ಕರ್ ಯಾಕೆ ತಡ ಆಗುತ್ತೆ ಅಂತ ಗೊತ್ತಾಗುತ್ತೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ಒಂದೊಂದೇ ಪೀಸ್ ಮಾಡಿಕೊಡೋ ವ್ಯಾಪಾರದಲ್ಲಿ ಲಾಭ ಹೆಚ್ಚಾಗಿ ಸೋರಿಹೋಗೋದು ಇಂಕಿನಲ್ಲಲ್ಲ, ವಿನೈಲ್‌ನಲ್ಲೂ ಅಲ್ಲ. ಫೈಲ್ ರೆಡಿ ಮಾಡೋ ಹೊತ್ತಿನಲ್ಲಿ. ಅದಕ್ಕೆ ಹೊಸ ಮೆಷಿನ್ ಬೇಡ, ಸ್ಪಾಟ್ ಕಲರ್ ಬಳಸೋದು ಕಲಿತರೆ ಸಾಕು.

ಸ್ಪಾಟ್ ಕಲರ್ ಅಂದ್ರೇನು? ಸಾಮಾನ್ಯ ಕಲರ್ ಪ್ರಿಂಟ್ ನಾಲ್ಕು ಇಂಕಿನ ಆಟ: ಸಯಾನ್, ಮಜೆಂಟಾ, ಹಳದಿ, ಕಪ್ಪು. ಆದರೆ ಲಗ್ನಪತ್ರಿಕೆಯ ಹೊಳೆಯೋ ಚಿನ್ನದ ಬಣ್ಣ ಈ ನಾಲ್ಕನ್ನ ಎಷ್ಟು ಕಲಸಿದ್ರೂ ಬರಲ್ಲ. ಅದಕ್ಕೆ ಬೇರೆ ಇಂಕು, ಬೇರೆ ಪ್ಲೇಟು. ಹಾಗೆ ಬೇರೆಯಾಗಿ, ಹೆಸರಿಟ್ಟು ಬಳಸೋದೇ ಸ್ಪಾಟ್ ಕಲರ್. ಪ್ಯಾಂಟೋನ್ ಕಂಪನಿ ಬಣ್ಣಗಳಿಗೆ ನಂಬರ್ ಕೊಟ್ಟು ತನ್ನ ಪದ್ಧತಿ ಶುರು ಮಾಡಿದ್ದು 1963ರಲ್ಲಿ.

ಈಗ ಅಸಲಿ ವಿಷಯ. ಪಿಡಿಎಫ್ ಫೈಲಿನಲ್ಲಿ ಸ್ಪಾಟ್ ಕಲರ್ ಜೊತೆ ಅದರ ಹೆಸರೂ ಹೋಗುತ್ತೆ. ಫೈಲನ್ನ ಮೆಷಿನ್‌ಗೆ ಅರ್ಥ ಆಗೋ ಹಾಗೆ ಬದಲಾಯಿಸೋ ಸಾಫ್ಟ್‌ವೇರ್‌ಗೆ ರಿಪ್ ಅಂತಾರೆ. ರಿಪ್ ಆ ಹೆಸರು ಓದುತ್ತೆ. ರೋಲ್ಯಾಂಡ್ ಮೆಷಿನ್‌ಗಳ ಜೊತೆ ಬರೋ ವರ್ಸಾವರ್ಕ್ಸ್‌ನಲ್ಲಿ ಒಂದು ಗೆರೆಗೆ ‘ಕಟ್‌ಕಾಂಟೂರ್’ ಅನ್ನೋ ಸ್ಪಾಟ್ ಕಲರ್ ಕೊಟ್ಟರೆ, ಅದು ಆ ಗೆರೆಯನ್ನ ಪ್ರಿಂಟ್ ಮಾಡಲ್ಲ, ಬ್ಲೇಡ್ ಇಟ್ಟು ಕತ್ತರಿಸುತ್ತೆ. ಪಾರದರ್ಶಕ ಸ್ಟಿಕ್ಕರ್‌ನಲ್ಲಿ ಬಣ್ಣದ ಕೆಳಗೆ ಬರೋ ಬಿಳಿ ಇಂಕಿಗೂ ಹೀಗೇ ಒಂದು ಹೆಸರಿದೆ.

ಅಂದ್ರೆ ಸ್ಕ್ರೀನ್ ಮೇಲೆ ಕಾಣೋ ಗುಲಾಬಿ ಗೆರೆ ಬಣ್ಣ ಅಲ್ಲ, ಅಪ್ಪಣೆ. ಹೆಸರು ಒಂದಕ್ಷರ ತಪ್ಪಿದ್ರೂ ರಿಪ್‌ಗೆ ಗುರುತು ಸಿಗಲ್ಲ. ಅದನ್ನ ಮಾಮೂಲಿ ಬಣ್ಣ ಅಂದ್ಕೊಂಡು ಸ್ಟಿಕ್ಕರ್ ಸುತ್ತ ಗುಲಾಬಿ ಗೆರೆನೇ ಪ್ರಿಂಟ್ ಮಾಡಿ ಕೊಡುತ್ತೆ. ಇಂಗ್ಲಿಷ್‌ನ ದೊಡ್ಡಕ್ಷರ, ಚಿಕ್ಕಕ್ಷರ ಕೂಡ ಲೆಕ್ಕಕ್ಕೆ ಬರುತ್ತೆ. ಫೈಲನ್ನ ಜೆಪೆಗ್ ಮಾಡಿ ಕಳಿಸಿದ್ರಂತೂ ಹೆಸರೇ ಉಳಿಯಲ್ಲ.

ಈಗ ನಮ್ಮ ಬಿಕಾಂ ಲೆಕ್ಕ. ಇದು ಉದಾಹರಣೆ ಅಷ್ಟೇ, ನಿಮ್ಮ ಅಂಕಿ ಹಾಕ್ಕೊಳ್ಳಿ. ದಿನಕ್ಕೆ 40 ಆರ್ಡರ್. ಒಂದೊಂದಕ್ಕೂ ಹೆಸರು ಟೈಪ್ ಮಾಡಿ, ಕಟ್ ಗೆರೆ ಎಳೆದು, ಬಿಳಿ ಲೇಯರ್ ಮಾಡೋಕೆ 8 ನಿಮಿಷ. ಒಟ್ಟು 320 ನಿಮಿಷ, ಅಂದ್ರೆ 5 ಗಂಟೆ 20 ನಿಮಿಷ. ಇದು ನಿಮ್ಮ ಬಿಲ್ಲಿನಲ್ಲಿ ಎಲ್ಲಾದ್ರೂ ಇದೆಯಾ? ‘ಡಿಸೈನ್ ಫ್ರೀ’ ಅಂತ ಬೋರ್ಡ್ ಹಾಕಿರ್ತೀವಲ್ಲ!

ಅದೇ ಕೆಲಸ ಟೆಂಪ್ಲೇಟ್‌ನಲ್ಲಿ: ಕಟ್ ಗೆರೆ, ಬಿಳಿ ಲೇಯರ್ ಎರಡಕ್ಕೂ ಸರಿಯಾದ ಸ್ಪಾಟ್ ಹೆಸರು ಕೊಟ್ಟು ಒಂದೇ ಸಲ ಕೂರಿಸಿಬಿಡಿ. ಬದಲಾಗೋದು ಹೆಸರು ಮಾತ್ರ. ಎಕ್ಸೆಲ್ ಶೀಟಿನಿಂದ ಆ ಹೆಸರುಗಳನ್ನ ತುಂಬಿಸೋಕೆ ಕೋರೆಲ್‌ಡ್ರಾದಲ್ಲಿ ಪ್ರಿಂಟ್ ಮರ್ಜ್, ಇನ್‌ಡಿಸೈನ್‌ನಲ್ಲಿ ಡೇಟಾ ಮರ್ಜ್ ಇದೆ. ಟೆಂಪ್ಲೇಟ್ ಮಾಡೋಕೆ 2 ಗಂಟೆ, ಆಮೇಲೆ ಒಂದೊಂದನ್ನ ಪರೀಕ್ಷಿಸೋಕೆ 1 ನಿಮಿಷ ಅಂದ್ಕೊಳ್ಳಿ. ಪ್ರತಿ ಆರ್ಡರ್‌ಗೆ 7 ನಿಮಿಷ ಉಳೀತು. 18ನೇ ಆರ್ಡರ್‌ಗೆ ಬ್ರೇಕ್ ಈವನ್ ದಾಟಿದ್ರಿ. ಮೊದಲ ದಿನ ಮಧ್ಯಾಹ್ನದ ಊಟಕ್ಕೂ ಮುಂಚೆ!

ಕನ್ನಡದಲ್ಲಿ ಹೆಸರು ಹಾಕೋರಿಗೆ ಒಂದು ಅಡ್ಡಿ ಇದೆ. ವಾಟ್ಸ್ಆ್ಯಪಿನಲ್ಲಿ ಗಿರಾಕಿ ಕಳಿಸೋದು ಯೂನಿಕೋಡ್ ಅಕ್ಷರ. ಡಿಟಿಪಿಯಲ್ಲಿ ಬಹಳ ಕಡೆ ಓಡೋದು ಹಳೇ ನುಡಿ ಫಾಂಟು. ನೇರವಾಗಿ ಪೇಸ್ಟ್ ಮಾಡಿದ್ರೆ ಒತ್ತಕ್ಷರ ಚೆಲ್ಲಾಪಿಲ್ಲಿ. ಹಾಗಾಗಿ ಟೆಂಪ್ಲೇಟ್‌ಗೆ ಯೂನಿಕೋಡ್ ಫಾಂಟೇ ಹಾಕಿ, ಇಲ್ಲಾ ಇಡೀ ಶೀಟನ್ನ ಒಟ್ಟಿಗೆ ಕನ್ವರ್ಟ್ ಮಾಡ್ಕೊಳ್ಳಿ.

‘ಎಲ್ಲ ಆಟೊಮ್ಯಾಟಿಕ್ ಆದ್ರೆ ಡಿಟಿಪಿ ಅಣ್ಣನ ಕೆಲಸದ ಗತಿ?’ ಅಂತ ಕೇಳ್ತೀರಿ. ಕೇಳಲೇಬೇಕಾದ ಪ್ರಶ್ನೆ. ಟೆಂಪ್ಲೇಟ್‌ಗೆ ಕಣ್ಣಿಲ್ಲ. ‘ಶ್ರೀನಿವಾಸ’ದಲ್ಲಿ ಕಾಗುಣಿತ ತಪ್ಪಿದ್ರೆ ಅದಕ್ಕೆ ಗೊತ್ತಾಗಲ್ಲ. ವಾಟ್ಸ್ಆ್ಯಪಿನಲ್ಲಿ ಕುಗ್ಗಿ ಬಂದ ಫೋಟೋ ಕವರ್ ಮೇಲೆ ಮಸುಕಾಗುತ್ತೆ ಅಂತಾನೂ ಗೊತ್ತಾಗಲ್ಲ. ಟೆಂಪ್ಲೇಟ್ ಕಟ್ಟೋನೂ, ಕಡೇ ಸಲ ಕಣ್ಣಾಡಿಸೋನೂ ಆ ಅಣ್ಣನೇ ಆಗಬೇಕು. ಹೋಗಬೇಕಾದ್ದು ರಾತ್ರಿ ಹನ್ನೊಂದರ ತನಕ ಒಂದೇ ಗೆರೆ ನಲವತ್ತು ಸಲ ಎಳೆಯೋ ಕೂಲಿ, ಅವರ ಸಂಬಳ ಅಲ್ಲ. ಉಳಿದ ಗಂಟೆಗಳ ಲಾಭವನ್ನ ಮಾಲೀಕರು ಪೂರ್ತಿ ತಮ್ಮ ಜೇಬಿಗೆ ಹಾಕ್ಕೊಂಡ್ರೆ, ಅದಕ್ಕೆ ದಕ್ಷತೆ ಅಂತ ಹೆಸರು ಕೊಡೋಕೆ ನಾನಂತೂ ತಯಾರಿಲ್ಲ.

ಎಲ್ಲ ಅಂಗಡಿಗೂ ಇದು ಒಗ್ಗಲ್ಲ. ಪ್ರತಿ ಆರ್ಡರ್‌ಗೂ ಬೇರೆ ಆಕಾರ ಇದ್ರೆ ಟೆಂಪ್ಲೇಟ್‌ನಿಂದ ಲಾಭ ಕಮ್ಮಿ. ಆಗ ಆ ಡಿಸೈನ್‌ಗೆ ದುಡ್ಡು ಕೇಳಿ, ನಾಚ್ಕೋಬೇಡಿ.

ಈ ವಾರ ಮೂರೇ ಕೆಲಸ. ನಿಮ್ಮ ಪ್ರಿಂಟರ್ ಅಂಗಡಿಯವರನ್ನ ‘ನಿಮ್ಮ ರಿಪ್‌ನಲ್ಲಿ ಕಟ್‌ಗೆ, ಬಿಳಿಗೆ ಯಾವ ಹೆಸರು?’ ಅಂತ ಕೇಳಿ, ಬರೆದು ಗೋಡೆಗೆ ಅಂಟಿಸಿ. ಹೆಚ್ಚು ಓಡೋ ಒಂದು ಐಟಂಗೆ ಮಾತ್ರ ಟೆಂಪ್ಲೇಟ್ ಮಾಡಿ, ಕಟ್ ಗೆರೆಗೂ ಬಿಳಿಗೂ ಓವರ್‌ಪ್ರಿಂಟ್ ಆನ್ ಮಾಡಿ, ಇಲ್ಲಾಂದ್ರೆ ಅಲ್ಲಿರೋ ಬೇರೆ ಬಣ್ಣ ಕಿತ್ತುಹೋಗುತ್ತೆ. ನಲವತ್ತು ಹಾಕೋ ಮುಂಚೆ ಒಂದೇ ಒಂದು ಪೀಸ್ ಓಡಿಸಿ ನೋಡಿ.

ಒಂದು ಫೈಲಿಗೆ ನಿಮಗೆ ಎಷ್ಟು ನಿಮಿಷ ಹಿಡಿಯುತ್ತೆ? ಮೊಬೈಲಲ್ಲಿ ಸ್ಟಾಪ್‌ವಾಚ್ ಇಟ್ಟು ನೋಡಿ, ಕಾಮೆಂಟ್‌ನಲ್ಲಿ ಹಾಕಿ. ಮುಂದಿನ ಭಾಗದಲ್ಲಿ ಆ ಅಂಕಿ ಇಟ್ಕೊಂಡೇ ಬೆಲೆ ಹೇಗೆ ಕಟ್ಟೋದು ಅಂತ ನೋಡೋಣ.

#ಲೆಕ್ಕಕ್ಕೆಸಿಗೋಮಾತು #ಸ್ಪಾಟ್‌ಕಲರ್ #ಸಣ್ಣವ್ಯಾಪಾರ #ಬಿಕಾಂಕನ್ನಡ