ಎರಡು ಚುಕ್ಕೆಗಳ ವಿಷಯ

ಅನುಪಾತದ ಪಾಠವನ್ನು ಕಲಿತ ವಿದ್ಯಾರ್ಥಿನಿಯರು ಎರಡು ಸಂಖ್ಯೆಗಳ ನಡುವೆ ಎರಡು ಚುಕ್ಕೆಗಳನ್ನಿಟ್ಟು ಬರೆಯುವುದರಲ್ಲಿ ಬಹು ಚತುರೆಯರು. ಆದರೆ ಆ ಚುಕ್ಕೆಗಳ ಎಡಗಡೆಯಲ್ಲಿರುವ ವಸ್ತುವು ಯಾವುದು, ಬಲಗಡೆಯಲ್ಲಿರುವುದು ಯಾವುದು ಎಂದು ಕೇಳಿದರೆ ಹಲವರು ಮೌನವಾಗುವರು. ಇದು ಅವರ ದೋಷವಲ್ಲ. ಮಾತಿಗಿಂತ ಮುಂಚೆ ಚಿಹ್ನೆಯನ್ನು ಕಲಿಸುವ ಪದ್ಧತಿಯ ದೋಷವೆಂಬುದು ನಮ್ಮ ಅಭಿಪ್ರಾಯವು.

ಈ ಚಿಹ್ನೆಯು ಅಷ್ಟೇನೂ ಪುರಾತನವಾದುದಲ್ಲ. ಇಂಗ್ಲೆಂಡಿನ ವಿಲಿಯಂ ಆಟ್ರೆಡ್ ಎಂಬ ಪಾದ್ರಿಯು 1631ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಅನುಪಾತಕ್ಕೆ ಒಂದೇ ಚುಕ್ಕೆಯನ್ನೂ, ಎರಡು ಅನುಪಾತಗಳು ಸಮವೆನ್ನುವುದಕ್ಕೆ ನಾಲ್ಕು ಚುಕ್ಕೆಗಳನ್ನೂ ಬಳಸಿದನು. 1651ರಲ್ಲಿ ವಿನ್ಸೆಂಟ್ ವಿಂಗ್ ಎಂಬ ಜ್ಯೋತಿರ್ವಿದನು ಆ ಒಂದರ ಸ್ಥಾನದಲ್ಲಿ ಎರಡನ್ನಿಟ್ಟನು. ಜರ್ಮನಿಯ ಲೈಬ್ನಿಟ್ಸನಾದರೋ, ಅನುಪಾತಕ್ಕೆ ಭಾಗಾಕಾರದ ಚಿಹ್ನೆಯೂ ಸಮಾನುಪಾತಕ್ಕೆ ಸಮಚಿಹ್ನೆಯೂ ಸಾಕೆಂದು ವಾದಿಸಿದನು. ನಮಗೂ ಅವನ ವಾದವೇ ಯುಕ್ತವೆಂದು ತೋರುತ್ತದೆ.

ನಮ್ಮ ದೇಶದ ಗಣಿತಜ್ಞರು ತ್ರೈರಾಶಿಕದಲ್ಲಿ ಚುಕ್ಕೆಗಳಿಗೆ ಬದಲಾಗಿ ಹೆಸರುಗಳನ್ನು ಕೊಟ್ಟರು: ಪ್ರಮಾಣ, ಫಲ, ಇಚ್ಛೆ. ಪ್ರಮಾಣವೂ ಇಚ್ಛೆಯೂ ಒಂದೇ ಜಾತಿಯವಾಗಿರಬೇಕೆಂದು ಭಾಸ್ಕರಾಚಾರ್ಯನು 1150ರ ತನ್ನ ಲೀಲಾವತಿಯಲ್ಲಿ ವಿಧಿಸಿದ್ದಾನೆ. ಹೀಗೆ ಹೆಸರಿಟ್ಟವಳು ಅಕ್ಕಿಯ ಸೇರನ್ನು ರೂಪಾಯಿಯ ಸ್ಥಾನದಲ್ಲಿ ಇರಿಸಲಾರಳು.

ನಮ್ಮ ಕನ್ನಡವೂ ಈ ವಿಷಯದಲ್ಲಿ ಬಡವಾಗಿಲ್ಲ. ದೋಸೆಗೆ ನೆನೆಹಾಕುವ ತಾಯಿಯು "ಒಂದು ಪಾವು ಉದ್ದಿಗೆ ಮೂರು ಪಾವು ಅಕ್ಕಿ" ಎನ್ನುತ್ತಾಳೆ. ಚತುರ್ಥೀ ವಿಭಕ್ತಿಯೇ ಇಲ್ಲಿ ಅನುಪಾತದ ಚಿಹ್ನೆ. ವಸ್ತುವೂ ಅಳತೆಯೂ ಅದರ ಜೊತೆಯಲ್ಲಿಯೇ ಇವೆ. ಇನ್ನೂ ಒಂದು ವಿಶೇಷವುಂಟು. 1:4 ಎಂದು ಬರೆದ ದ್ರಾವಣವು ಒಂದು ಪಾಲು ಔಷಧಕ್ಕೆ ನಾಲ್ಕು ಪಾಲು ನೀರೋ, ಒಟ್ಟು ನಾಲ್ಕು ಪಾಲಿನಲ್ಲಿ ಒಂದು ಪಾಲು ಔಷಧವೋ? ಚುಕ್ಕೆಗಳು ಉತ್ತರ ಕೊಡವು. "ಒಂದಕ್ಕೆ ನಾಲ್ಕು" ಎಂದರೆ ಐದು ಪಾಲಾಗುವುದು. "ನಾಲ್ಕರಲ್ಲಿ ಒಂದು" ಎಂದರೆ ನಾಲ್ಕೇ ಪಾಲು. ಒಂದು ಪ್ರತ್ಯಯದಿಂದ ಸಂಶಯವು ತೀರಿತು.

ಇದು ಬರಿಯ ವ್ಯಾಕರಣದ ಚರ್ಚೆಯೆಂದು ಯಾರೂ ನಗಬಾರದು. ಅಡ್ರಿನಲಿನ್ ಎಂಬ ಪ್ರಾಣರಕ್ಷಕ ಔಷಧದ ಸೀಸೆಗಳ ಮೇಲೆ ಬಹುಕಾಲ 1:1000, 1:10000 ಎಂದು ಬರೆಯುತ್ತಿದ್ದರು. ಮೊದಲನೆಯದರ ಅರ್ಥವು 1000 ಮಿಲಿಲೀಟರಿನಲ್ಲಿ 1 ಗ್ರಾಂ ಎಂದು. ಅಂದರೆ 1 ಮಿಲಿಲೀಟರಿನಲ್ಲಿ 1 ಮಿಲಿಗ್ರಾಂ. ಎರಡನೆಯದರಲ್ಲಿ ಅದರ ಹತ್ತನೆಯ ಒಂದು ಪಾಲು ಮಾತ್ರ. ಸಂಖ್ಯೆಯು ದೊಡ್ಡದಾದಷ್ಟೂ ಔಷಧವು ತೆಳುವಾಗುವ ಈ ಬರವಣಿಗೆಯನ್ನು ಅವಸರದಲ್ಲಿರುವ ದಾದಿಯು ಒಂದು ಸೊನ್ನೆ ತಪ್ಪಿ ಓದಿದರೆ ರೋಗಿಗೆ ಹತ್ತುಪಟ್ಟು ಹೋಗುವುದು. ಇಂತಹ ಪ್ರಮಾದಗಳು ನಡೆದುದರಿಂದಲೇ ಅಮೆರಿಕಾ ಸಂಯುಕ್ತ ಸಂಸ್ಥಾನದಲ್ಲಿ 2016ರ ಮೇ ತಿಂಗಳಿನಿಂದ ಆ ಔಷಧದ ಚೀಟಿಯಿಂದ ಅನುಪಾತವನ್ನು ತೆಗೆದು, ಮಿಲಿಲೀಟರಿಗೆ ಇಷ್ಟು ಮಿಲಿಗ್ರಾಂ ಎಂದೇ ಬರೆಯುವಂತೆ ಮಾಡಿದರು. ಚುಕ್ಕೆಗಳು ಹೋಗಿ ಹೆಸರುಗಳು ಮರಳಿ ಬಂದವು.

ಚುಕ್ಕೆಗಳನ್ನು ಪೂರ್ತಿಯಾಗಿ ಬಹಿಷ್ಕರಿಸಬೇಕೆಂದು ನಾವು ಹೇಳುವುದಿಲ್ಲ. 1:50000 ಎಂಬ ಭೂಪಟದಲ್ಲಿ ಎರಡೂ ಕಡೆ ಉದ್ದವೇ ಇರುವುದರಿಂದ ಅಂಗುಲವಾದರೂ ಸರಿ, ಸೆಂಟಿಮೀಟರಾದರೂ ಸರಿ. ಅಲ್ಲಿ ಹೆಸರಿಲ್ಲದಿರುವುದೇ ಗುಣ. ಮಿಕ್ಕ ಕಡೆಗಳಲ್ಲಿ ಮಾತ್ರ, ಚುಕ್ಕೆಗಳನ್ನಿಡುವ ಮೊದಲು ವಸ್ತುವನ್ನೂ ಅಳತೆಯನ್ನೂ ಬರೆದು, ಕನ್ನಡದಲ್ಲಿ ಒಮ್ಮೆ ಗಟ್ಟಿಯಾಗಿ ಓದಿಸಬೇಕೆಂದು ಉಪಾಧ್ಯಾಯಿನಿಯರನ್ನು ಕೇಳಿಕೊಳ್ಳುತ್ತೇವೆ. ಪರೀಕ್ಷೆಯಲ್ಲಿ ಹೆಸರಿಲ್ಲದ ಅನುಪಾತಕ್ಕೆ ಒಂದು ಅಂಕವನ್ನು ಕಳೆದರೂ ನಮ್ಮ ಆಕ್ಷೇಪಣೆಯಿಲ್ಲ.